ಹಳೆ ಕ್ವಾಲಿಸ್‌ನ ಒಳಗನ್ನು ಸರಿ ಮಾಡುವುದು ಹೇಗೆ

ಟೊಯೋಟಾ ಕ್ವಾಲಿಸ್ ತಯಾರಿಕೆ 2005ರಲ್ಲೇ ನಿಂತಿತು. ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿ ಆದರೂ ಒಳಗಿನ ಬಿಡಿಭಾಗ ಹುಡುಕಬೇಕು. ಹಾಗಾಗಿ ಕ್ಲಿಪ್ಪುಗಳನ್ನು ಮುರಿಯದೆ ಬಿಚ್ಚಿ. ಮುರಿದರೆ ಹಳೇದನ್ನೇ ಹಿಡಿದುಕೊಂಡು ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರೋಡಿಗೆ ಹೋಗಿ.

ಮೊದಲು ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ ನೋಡಿ. ತುಕ್ಕಿದ್ದರೆ ಉಜ್ಜಿ, ಪ್ರೈಮರ್ ಹೊಡೆದು ಒಣಗಿಸಿ.

ಕವರ್‌ಗಿಂತ ಮುಖ್ಯ ಒಳಗಿನ ಫೋಮ್. ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಮೊದಲು ಕುಸಿಯುತ್ತದೆ. ಹತ್ತಿ ಇಳಿಯುವಾಗ ಭಾರವೆಲ್ಲ ಅಲ್ಲೇ ಅಲ್ವಾ? ಕವರ್ ಹಿಡಿದಿರುವ ರಿಂಗ್ ಕತ್ತರಿಸಿ, ಕುಸಿದ ಭಾಗ ಕೊಯ್ದು, ಗಟ್ಟಿ ಫೋಮ್ ಅಂಟಿಸಿ. ಜಾಸ್ತಿ ಮೆತ್ತಗಿದ್ದರೆ ಬೇಡ ಅನ್ನಿ. ಅಪ್ಪನಿಗೆ ರೆಕ್ಸಿನ್ನೇ ಬೇಕಿತ್ತು; ನಾನು ಬಟ್ಟೆ ಹಾಕಿಸಿದೆ. ಸಿಲ್ಕ್ ಬೋರ್ಡ್ ಜಾಮಿನಲ್ಲಿ ರೆಕ್ಸಿನ್ ಮೇಲೆ ಕೂತವರಿಗೆ ಕಾರಣ ಗೊತ್ತು.

ಡ್ಯಾಶ್‌ಬೋರ್ಡಿಗೆ ಒದ್ದೆ ಬಟ್ಟೆ ಸಾಕು. ಹೊಳಪಿನ ಪಾಲಿಶ್ ಬಳಿದರೆ ಮುಂದಿನ ಗಾಜಿನಲ್ಲಿ ಅದೇ ಕಣ್ಣು ಕುಕ್ಕುತ್ತದೆ.