ಹೊಸ ಪಾರ್ಟ್ ಕೂರುತ್ತಿಲ್ಲವೇ? ಸುತ್ತಿಗೆ ಎತ್ತುವ ಮೊದಲು ಇಷ್ಟು ನೋಡಿ

ಮಳೆ ಬಿಟ್ಟ ಮೇಲೆ ಮಂಗಳೂರು, ಉಡುಪಿ ಕಡೆಯ ಗ್ಯಾರೇಜುಗಳಲ್ಲಿ ಮುಂದಿನ ಚಕ್ರ ಬಿಚ್ಚಿ ನಿಲ್ಲಿಸಿದ ಕಾರುಗಳೇ ಹೆಚ್ಚು. ಹೆದ್ದಾರಿ 66ರಲ್ಲಿ ದಿನಾ ಓಡಾಡುವವರಿಗೆ, ಆಗಾಗ ಶಿರಾಡಿ ಹತ್ತಿಳಿಯುವವರಿಗೆ ಕಾರಣ ಹೇಳಬೇಕಿಲ್ಲ. ಗುಂಡಿಗೆ ಇಳಿದರೆ ಕಟಕಟ, ಸ್ಟಿಯರಿಂಗ್ ತಿರುಗಿಸಿದರೆ ಕಿರ್ರ್. ಲೋವರ್ ಆರ್ಮ್ (ಚಕ್ರವನ್ನು ಕಾರಿನ ಅಡಿಗೆ ಜೋಡಿಸುವ ತೋಳು), ಬಾಲ್ ಜಾಯಿಂಟ್, ಟೈ ರಾಡ್ ಎಂಡ್ (ಸ್ಟಿಯರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ರಾಡಿನ ತುದಿ), ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್ ಇವುಗಳಲ್ಲಿ ಯಾವುದಾದರೂ ಒಂದು ಬದಲಾಗಲೇಬೇಕು.

ಕಾರು ಕಂಪನಿಯ ಪೆಟ್ಟಿಗೆಯಲ್ಲಿ ಬರುವ ಭಾಗದ ಬದಲು ಹೊರಗಿನ ತಯಾರಕರ ಭಾಗ ಹಾಕಿಸುವುದು ತಪ್ಪೇನಲ್ಲ. ಅದು ನಕಲಿ ಮಾಲೂ ಅಲ್ಲ. ಆದರೆ ಒಂದೇ ಪಾರ್ಟನ್ನು ಹಲವು ಮಾದರಿಗಳಿಗೆ ಹೊಂದುತ್ತದೆ ಎಂದು ಮಾರುವುದುಂಟು. ತೊಂದರೆ ಶುರುವಾಗುವುದೇ ಅಲ್ಲಿ. ಎರಡು ಮಿಲಿಮೀಟರ್ ವ್ಯತ್ಯಾಸವಿದ್ದರೂ ಪಾರ್ಟ್ ಕೂರುವುದಿಲ್ಲ. "ಎರಡು ಪೆಟ್ಟು ಹಾಕಿದರೆ ಕೂರ್ತದೆ ಸರ್" ಎಂಬ ಮಾತು ಬರುತ್ತದೆ. ಆ ಪೆಟ್ಟು ಬೀಳದಂತೆ ನೋಡಿಕೊಳ್ಳಬೇಕು. ಏಕೆಂದರೆ ಇವು ಚಕ್ರವನ್ನು ಹಿಡಿದಿಟ್ಟುಕೊಳ್ಳುವ ಭಾಗಗಳು.

ಬಿಚ್ಚುವ ಹಿಂದಿನ ದಿನ

ಅಂಗಡಿಯಲ್ಲಿ ಕಾರಿನ ಹೆಸರು ಹೇಳಿದರೆ ಸಾಲದು. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಮತ್ತು ತಯಾರಾದ ತಿಂಗಳು, ವರ್ಷ ಹೇಳಿ. ಅದೇ ಹೆಸರಿನ ಕಾರಿನಲ್ಲೂ ಮಾದರಿ ಬದಲಾದಾಗ ಬೋಲ್ಟಿನ ದಪ್ಪ, ಬುಷ್‌ನ (ಬೋಲ್ಟ್ ಹಾಯುವ ರಬ್ಬರ್ ಜೋಡಣೆಯ) ಅಗಲ ಬದಲಾಗಿರಬಹುದು.

ಕರಾವಳಿಯಲ್ಲಿ ಇನ್ನೊಂದು ಕಷ್ಟವಿದೆ: ತುಕ್ಕು. ಉಪ್ಪುಗಾಳಿ, ತಿಂಗಳುಗಟ್ಟಲೆ ಮಳೆ, ಮಲ್ಪೆ ಅಥವಾ ಬಂದರು ಕಡೆ ಮೀನಿನ ಲಾರಿಗಳಿಂದ ರಸ್ತೆಗೆ ಸುರಿಯುವ ಉಪ್ಪುನೀರು. ಲೋವರ್ ಆರ್ಮ್‌ನ ಬೋಲ್ಟ್ ಬುಷ್‌ನ ಒಳಗಿನ ಕಬ್ಬಿಣದ ಕೊಳವೆಗೇ ಅಂಟಿಕೊಂಡುಬಿಡುತ್ತದೆ. ಬೋಲ್ಟ್ ತಿರುಗಿದಂತೆ ಕಾಣುತ್ತದೆ, ನಿಜಕ್ಕೂ ತಿರುಗುವುದು ರಬ್ಬರ್. ಹಾಗಾಗಿ ಹಿಂದಿನ ರಾತ್ರಿಯೇ ವೈರ್ ಬ್ರಷ್‌ನಿಂದ ಮಣ್ಣು ಉಜ್ಜಿ ತೆಗೆದು, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ. ಬೆಳಿಗ್ಗೆ ಮತ್ತೊಮ್ಮೆ ಹೊಡೆಯಿರಿ. ತುಕ್ಕು ತಿಂದ ಬೋಲ್ಟನ್ನು ಮತ್ತೆ ಬಳಸಬೇಡಿ, ನೈಲಾನ್ ಬಳೆಯಿರುವ ನಟ್ಟನ್ನಂತೂ ಹೊಸದೇ ಹಾಕಿ.

ಮನೆಯ ಅಂಗಳದಲ್ಲೇ ಕೆಲಸ ಮಾಡುವವರಾದರೆ, ಜಾಕ್ ಒಂದನ್ನೇ ನಂಬಿ ಕಾರಿನಡಿ ಹೋಗಬೇಡಿ. ಸ್ಟ್ಯಾಂಡ್ ಕೊಡಿ. ಮಳೆ ಕುಡಿದ ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡ್ ಕೂಡ ಕುಸಿಯುತ್ತದೆ. ನೆಲ ಗಟ್ಟಿಯಿಲ್ಲದಿದ್ದರೆ ಆ ಕೆಲಸವನ್ನೇ ಗ್ಯಾರೇಜಿಗೆ ಬಿಡಿ.

ಹಳೆಯದರ ಪಕ್ಕ ಹೊಸದು

ಹಳೆಯ ಪಾರ್ಟ್ ಬಿಚ್ಚಿದ ಕೂಡಲೇ ಗುಜರಿಗೆ ಎಸೆಯಬೇಡಿ. ಹಳೆ ಬೈರಾಸು ಹಾಸಿ ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆಯಿರಿ: ಒಟ್ಟು ಉದ್ದ, ತೂತಿನಿಂದ ತೂತಿಗೆ ಇರುವ ಅಂತರ, ಬುಷ್‌ನ ಅಗಲ, ಬೋಲ್ಟ್ ತೂತಿನ ವ್ಯಾಸ, ಎಡ–ಬಲ. ಶಾಕ್ ಅಬ್ಸಾರ್ಬರ್ ಆದರೆ ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಹಿಡಿಯುವ ಕ್ಲಿಪ್ಪಿನ ಜಾಗವನ್ನೂ ನೋಡಿ. ಆ ಕ್ಲಿಪ್ ಇಲ್ಲದಿದ್ದರೆ ವೈರ್ ಚಕ್ರಕ್ಕೆ ಉಜ್ಜಿ ತುಂಡಾಗುತ್ತದೆ.

ಹಲವು ಕಾರುಗಳಲ್ಲಿ ಬಾಲ್ ಜಾಯಿಂಟ್‌ನ ಕಡ್ಡಿ ಬುಡದಿಂದ ತುದಿಗೆ ಸಣ್ಣದಾಗುತ್ತ ಹೋಗುತ್ತದೆ. ಅಂಥ ಕಡೆ ಅದು ಕೂರುವ ಸ್ಟಿಯರಿಂಗ್ ನಕಲ್‌ನ (ಚಕ್ರವನ್ನು ಹೊತ್ತಿರುವ ಲೋಹದ ಭಾಗದ) ತೂತೂ ಅದೇ ಇಳಿಜಾರಿನದಾಗಿರಬೇಕು. ಪರೀಕ್ಷಿಸುವುದು ಸುಲಭ. ಕಡ್ಡಿ, ತೂತು ಎರಡನ್ನೂ ಒಣಗಿದ ಬಟ್ಟೆಯಲ್ಲಿ ಒರೆಸಿ, ಕಡ್ಡಿಯ ಉದ್ದಕ್ಕೂ ಮಾರ್ಕರ್ ಪೆನ್ನಿನಿಂದ ನಾಲ್ಕು ಗೆರೆ ಎಳೆದು, ಕೈಯಲ್ಲೇ ತೂತಿಗೆ ಒತ್ತಿ ಸ್ವಲ್ಪ ತಿರುಗಿಸಿ ಹೊರಗೆ ತೆಗೆಯಿರಿ. ಶಾಯಿ ಉದ್ದಕ್ಕೂ ಅಳಿಸಿದ್ದರೆ ಸರಿಯಾಗಿದೆ. ಒಂದೇ ತುದಿಯಲ್ಲಿ ಅಳಿಸಿದ್ದರೆ ಅದು ನಿಮ್ಮ ಕಾರಿನ ಪಾರ್ಟ್ ಅಲ್ಲ. ಹಾಗೇ ಅಂಗಡಿಗೆ ಮರಳಿಸಿ. ಇಲ್ಲಿ ಗ್ರೀಸ್ ಬೇಡ, ಒಣ ಲೋಹಗಳ ಹಿಡಿತವೇ ಇದರ ಬಲ. ನಟ್ ಬಿಗಿಯುವಾಗ ಕಡ್ಡಿಯೂ ಜೊತೆಗೆ ತಿರುಗಿದರೆ ಕೆಳಗಿನಿಂದ ಜಾಕ್‌ನಲ್ಲಿ ಮೆಲ್ಲಗೆ ಒತ್ತಿ ಹಿಡಿಯಿರಿ.

ಸ್ಪ್ಲಿಟ್ ಪಿನ್ ಹಾಕುವ ತೂತು ನಟ್ಟಿನ ಕಚ್ಚಿಗೆ ಎದುರಾಗದಿದ್ದರೆ ನಟ್ಟನ್ನು ಮುಂದಿನ ಕಚ್ಚಿಗೆ ಬಿಗಿಯಬೇಕು, ಹಿಂದಕ್ಕೆ ಸಡಿಲಿಸಬಾರದು. ತೂತು ನಟ್ಟಿಗಿಂತ ಪೂರ್ತಿ ಮೇಲೆ ನಿಂತಿದ್ದರೆ ಕಡ್ಡಿ ಅಗತ್ಯಕ್ಕಿಂತ ಒಳಗೆ ಹೋಗಿದೆ ಎಂದರ್ಥ. ಅಲ್ಲಿಗೇ ನಿಲ್ಲಿಸಿ.

ಟೈ ರಾಡ್, ಸ್ಟ್ರಟ್

ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ಎಂದು ಎಣಿಸಿ ಬರೆದಿಡುತ್ತಾರೆ. ಒಳ್ಳೆಯದೇ. ಆದರೆ ಹೊಸದರ ಉದ್ದ ಬೇರೆಯಿದ್ದರೆ ಆ ಲೆಕ್ಕ ತಪ್ಪುತ್ತದೆ. ಜಾಯಿಂಟಿನ ನಡುವಿನಿಂದ ಒಳಗಿನ ರಾಡಿನ ಮೇಲೆ ಹಾಕಿದ ಗುರುತಿಗೆ ಅಳತೆಯನ್ನೂ ತೆಗೆದುಕೊಳ್ಳಿ. 12 ಮಿಲಿಮೀಟರ್ ದಪ್ಪದ ಮರೆಯಲ್ಲಿ (ಥ್ರೆಡ್) 1.25 ಮತ್ತು 1.5 ಮಿಲಿಮೀಟರ್ ಅಂತರದವು ಕಣ್ಣಿಗೆ ಒಂದೇ ಥರ ಕಾಣುತ್ತವೆ. ಮೊದಲ ಐದಾರು ಸುತ್ತು ಬರಿಗೈಯಲ್ಲಿ ಹೋಗಬೇಕು. ಸ್ಪ್ಯಾನರ್ ಬೇಕಾಯಿತೆಂದರೆ ಮರೆ ಬೇರೆ.

ಸ್ಟಿಯರಿಂಗ್ ರ್ಯಾಕ್ (ಟೈ ರಾಡ್‌ಗಳನ್ನು ಎಡ–ಬಲಕ್ಕೆ ಸರಿಸುವ ಭಾಗ) ಬಿಚ್ಚುವುದಿದ್ದರೆ ಚಕ್ರಗಳನ್ನು ನೇರ ಮಾಡಿ ಸ್ಟಿಯರಿಂಗ್ ಲಾಕ್ ಮಾಡಿಡಿ. ಅದು ಸುಮ್ಮನೆ ಸುತ್ತಿದರೆ ಏರ್‌ಬ್ಯಾಗಿಗೆ ಹೋಗುವ ಸುರುಳಿ ವೈರ್ ಹರಿಯುತ್ತದೆ.

ಸ್ಟ್ರಟ್‌ನ (ಸ್ಪ್ರಿಂಗ್ ಕೂಡಿದ ಶಾಕ್ ಅಬ್ಸಾರ್ಬರ್) ಸ್ಪ್ರಿಂಗ್ ಬಿಚ್ಚುವುದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಪ್ರಾಣಕ್ಕೇ ಅಪಾಯ. ಗ್ಯಾರೇಜಿನಲ್ಲಿ ನಿಂತು ಎರಡು ಸಂಗತಿ ಗಮನಿಸಿ: ಸ್ಪ್ರಿಂಗಿನ ತುದಿ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿರಬೇಕು, ಹೊಳೆಯುವ ರಾಡನ್ನು ಪಕ್ಕಡದಲ್ಲಿ ಹಿಡಿಯಬಾರದು. ಅಲ್ಲೊಂದು ಗೀರು ಬಿದ್ದರೆ ಸೀಲ್ ಕೆಟ್ಟು ಎಣ್ಣೆ ಸೋರುತ್ತದೆ.

ಕಾರು ತಗ್ಗಿಸುವ ಸ್ಪ್ರಿಂಗಿನ ಆಸೆಯಿದ್ದವರಿಗೆ ಒಂದು ಮಾತು. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ.

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ

ನನ್ನ ಕಾರಿನ ಲೋವರ್ ಆರ್ಮ್ ಒಂದೇ ವರ್ಷದಲ್ಲಿ ಎರಡು ಸಲ ಬದಲಾಯಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬುಷ್ ಹರಿದಿತ್ತು. ಪಾರ್ಟ್ ಸರಿಯಿಲ್ಲ ಎಂದೇ ನಾನು ತಿಳಿದಿದ್ದೆ. ಎರಡನೇ ಸಲ ಕೆಲಸ ಮಾಡಿದ ಮೆಕ್ಯಾನಿಕ್ ಹರಿದ ಬುಷ್ ಕೈಯಲ್ಲಿ ಹಿಡಿದು, "ಇದನ್ನು ಚಕ್ರ ನೇತಾಡುವಾಗಲೇ ಟೈಟ್ ಮಾಡಿದ್ದಾರೆ ಸರ್" ಎಂದರು.

ಬುಷ್‌ನ ರಬ್ಬರ್ ಒಳಗಿನ, ಹೊರಗಿನ ಎರಡೂ ಕೊಳವೆಗಳಿಗೆ ಅಂಟಿಸಿದ್ದು. ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ ಅಷ್ಟೇ. ಜಾಕ್ ಮೇಲಿದ್ದಾಗ ಆರ್ಮ್ ಕೆಳಗೆ ಜೋತಿರುತ್ತದೆ. ಆಗಲೇ ಬೋಲ್ಟ್ ಬಿಗಿದರೆ ರಬ್ಬರಿಗೆ ಅದೇ ನೆಲೆ. ಕಾರು ನೆಲಕ್ಕಿಳಿದ ಕ್ಷಣದಿಂದ ಅದು ತಿರುಚಿಕೊಂಡೇ ಇರುತ್ತದೆ, ನಿಂತಾಗಲೂ ಬಿಡುವಿಲ್ಲ. ಮೇಲಿಂದ ಗುಂಡಿಗಳ ಹೊಡೆತ. ಹರಿಯದೆ ಇನ್ನೇನಾಗುತ್ತದೆ?

ಆದ್ದರಿಂದ ಬುಷ್ ಬೋಲ್ಟುಗಳನ್ನು ಮೊದಲು ಕೈಬಿಗಿಯಷ್ಟೇ ಮಾಡಿ. ಆಮೇಲೆ ಕಾರನ್ನು ಪಿಟ್ ಮೇಲೆ ಚಕ್ರದಲ್ಲಿ ನಿಲ್ಲಿಸಿ, ಮುಂಭಾಗ ನಾಲ್ಕು ಸಲ ಒತ್ತಿ ಅಲುಗಿಸಿ, ಟಾರ್ಕ್ ವ್ರೆಂಚ್‌ನಲ್ಲಿ (ಬಿಗಿ ಎಷ್ಟೆಂದು ತೋರಿಸುವ ಸ್ಪ್ಯಾನರ್) ಕಾರಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿಯಿರಿ. ಪಿಟ್ ಇಲ್ಲದ ಕಡೆ ಆರ್ಮ್‌ನ ಹೊರತುದಿಗೆ ಜಾಕ್ ಕೊಟ್ಟು, ಕಾರು ಸ್ಟ್ಯಾಂಡಿನಿಂದ ಏಳಲು ಶುರುಮಾಡುವ ಹಂತಕ್ಕೆ ತಂದು ಬಿಗಿಯಬಹುದು. ಹತ್ತು ನಿಮಿಷದ ಕೆಲಸ. ಮೆಕ್ಯಾನಿಕ್‌ಗೆ ಹೇಳಲು ಸಂಕೋಚ ಬೇಡ.

ಅಲೈನ್‌ಮೆಂಟ್ ಇದೆಲ್ಲ ಮುಗಿದ ಮೇಲೆ, ಅದೇ ದಿನ. ಹೊಂದಿಸುವಾಗ ಟೈ ರಾಡ್ ತಿರುಗಿದರೆ ರ್ಯಾಕಿನ ರಬ್ಬರ್ ಬೂಟ್ ಸುತ್ತಿಕೊಳ್ಳುತ್ತದೆ. ಅದರ ಕ್ಲಿಪ್ ಸಡಿಲಿಸಿ ನೇರ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಬೂಟ್ ಹರಿದು ಮಳೆನೀರು ರ್ಯಾಕಿನೊಳಗೆ ಇಳಿಯುತ್ತದೆ. ಒಂದು ವಾರ ಓಡಿಸಿ ಮತ್ತೆ ಗ್ಯಾರೇಜಿಗೆ ಹೋಗಿ, ಬಿಚ್ಚಿ ಹಾಕಿದ ಪ್ರತಿ ನಟ್‌ಗೂ ಒಮ್ಮೆ ಸ್ಪ್ಯಾನರ್ ಹಾಕಿಸಿ ನೋಡಿ.