ಬಾಲ ಟ್ಯಾಂಕಿನದೋ, ಮನುಷ್ಯನದೋ

ಕೋಶದ ಡಿಎನ್‌ಎಗೆ ಎಷ್ಟು ಹಾನಿಯಾಗಿದೆ ಎಂದು ತೋರಿಸುವ ಕಾಮೆಟ್ ಪರೀಕ್ಷೆಯಲ್ಲಿ ಮೊದಲ ಹನ್ನೆರಡು ಜನರ ಸ್ಲೈಡ್ ನೋಡಿದಾಗ ಕುಣಿದಾಡುವಷ್ಟು ಖುಷಿಯಾಗಿತ್ತು. ಎಲ್ಲರೂ ಗಟ್ಟಿಮುಟ್ಟಾದವರು, ಸಿಗರೇಟು ಮುಟ್ಟದವರು. ಆದರೂ ಒಬ್ಬರ ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ನಾಣ್ಯದ ಹಾಗೆ ದುಂಡಗೆ ಕೂತಿದ್ದರೆ ಇನ್ನೊಬ್ಬರದಕ್ಕೆ ಉದ್ದನೆಯ ಬಾಲ. ಡಿಎನ್‌ಎ ಹಾನಿಯಲ್ಲಿ ಮನುಷ್ಯರ ನಡುವೆ ಇಷ್ಟು ಅಂತರವೇ ಎಂದು ಗ್ರಾಫನ್ನೂ ಹಾಕಿಬಿಟ್ಟೆ. ಆಮೇಲೆ ನೋಟ್‌ಬುಕ್ ತಿರುವಿದರೆ, ಬಾಲ ಉದ್ದವಿದ್ದವರೆಲ್ಲ ಮಂಗಳವಾರ ರಕ್ತ ಕೊಟ್ಟವರು! ಅವತ್ತು ಕರೆಂಟು ಹಾಯಿಸುವ ದ್ರಾವಣವಾದ ಬಫರನ್ನು ಫ್ರಿಜ್ಜಿನಲ್ಲಿಡಲು ನಾನೇ ಮರೆತಿದ್ದೆ.

ಕಾಮೆಟ್ ಪರೀಕ್ಷೆ ನೋಡಲು ಬಲು ಸರಳ. ಇವತ್ತು ಹೆಚ್ಚಿನವರು ಬಳಸುವ ಕ್ಷಾರೀಯ ವಿಧಾನವನ್ನು ನರೇಂದ್ರ ಸಿಂಗ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದರು. ಜೀವಕೋಶಗಳನ್ನು ತೆಳುವಾದ ಅಗರೋಸ್ ಜೆಲ್ಲಿನಲ್ಲಿ ಹುದುಗಿಸಿ, ಉಪ್ಪು ಮತ್ತು ಡಿಟರ್ಜೆಂಟ್ ದ್ರಾವಣದಲ್ಲಿ ಪೊರೆ, ಪ್ರೋಟೀನುಗಳನ್ನು ಕರಗಿಸುತ್ತೇವೆ. ಉಳಿಯುವುದು ಸುರುಳಿ ಸುತ್ತಿದ ಡಿಎನ್‌ಎ. ಪಿಎಚ್ 13 ದಾಟಿದ ಕ್ಷಾರದಲ್ಲಿ ಅದರ ಎಳೆಗಳು ಬಿಚ್ಚಿಕೊಳ್ಳುತ್ತವೆ. ಬಫರ್ ತುಂಬಿದ ಟ್ಯಾಂಕಿನಲ್ಲಿಟ್ಟು ಕರೆಂಟು ಹಾಯಿಸಿದರೆ ತುಂಡಾದ ಕಡೆ ಸುರುಳಿ ಸಡಿಲಾಗಿ ಧನ ತುದಿಯತ್ತ ಜಾರುತ್ತದೆ. ಬಣ್ಣ ಹಾಕಿ ನೋಡಿದರೆ ಥೇಟ್ ಧೂಮಕೇತು; ಹಾನಿ ಹೆಚ್ಚಿದಷ್ಟೂ ಬಾಲ ಉದ್ದ. ತೊಂದರೆ ಏನೆಂದರೆ, ಬಫರ್ ಬೆಚ್ಚಗಾದರೂ ಬಾಲ ಉದ್ದವಾಗುತ್ತದೆ, ವೋಲ್ಟೇಜ್ ಏರಿದರೂ ಆಗುತ್ತದೆ.

ಹಾಗಾಗಿ ಮೊದಲು ಮನುಷ್ಯರನ್ನು ಬಿಟ್ಟು ಟ್ಯಾಂಕನ್ನು ಅಳೆಯಲು ಕೂತೆ. ಗಾರೆ ಮೇಸ್ತ್ರಿ ಬಳಸುವ ರಸಮಟ್ಟ ತಂದಿಟ್ಟು ನೋಡಿದರೆ ಮೇಜೇ ವಾಲಿತ್ತು. ಒಂದು ತುದಿಯ ಸ್ಲೈಡುಗಳ ಮೇಲೆ ದ್ರಾವಣ ಹೆಚ್ಚು, ಇನ್ನೊಂದು ತುದಿಯಲ್ಲಿ ಕಡಿಮೆ. ಕಾಲಿನಡಿ ರಟ್ಟು ಸಿಕ್ಕಿಸಿದೆ. ಮಳೆಗಾಲದಲ್ಲಿ ಜೆಲ್ ಸ್ಲೈಡಿನಿಂದ ಕಳಚಿ ಲೈಸಿಸ್ (ಪೊರೆ ಕರಗಿಸುವ) ಡಬ್ಬಿಯಲ್ಲಿ ತೇಲುತ್ತಿತ್ತು. ಸ್ಲೈಡಿಗೆ ಮೊದಲೇ ಒಂದು ಪದರ ಅಗರೋಸ್ ಬಳಿದು ಓವನ್ನಿನಲ್ಲಿ ಗರಿಗರಿಯಾಗಿ ಒಣಗಿಸಲು ಕಲಿತ ಮೇಲೆ ಆ ಕಾಟ ತಪ್ಪಿತು. ಕೊನೆಗೆ ಒಬ್ಬರ ರಕ್ತದಿಂದ ತೆಗೆದ ಕೋಶಗಳನ್ನು ವಯಲ್ಲುಗಳೆಂಬ ಸಣ್ಣ ಸಣ್ಣ ಸೀಸೆಗಳಲ್ಲಿ ದ್ರವ ಸಾರಜನಕದಲ್ಲಿಟ್ಟೆ. ಪ್ರತಿ ಸಲದ ಓಟದಲ್ಲೂ (ಟ್ಯಾಂಕಿನಲ್ಲಿ ಕರೆಂಟು ಹಾಯಿಸುವ ಒಂದು ಸುತ್ತಿನಲ್ಲೂ) ಅವುಗಳ ಎರಡು ಸ್ಲೈಡ್ ಇರಲೇಬೇಕು. ಅವುಗಳ ಬಾಲ ಎಂದಿಗಿಂತ ಬೇರೆಯಾಗಿ ಬಂದರೆ ಅವತ್ತಿನ ಇಡೀ ಓಟ ಕಸದ ಬುಟ್ಟಿಗೆ. ಸ್ಲೈಡುಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ; ಒಬ್ಬೊಬ್ಬರದೂ ನೂರು ಕೋಶ ನೋಡಿ ಮುಗಿಯುವವರೆಗೆ ಪಟ್ಟಿ ಗೆಳತಿಯ ಬೀರುವಿನಲ್ಲಿ.

ಇಷ್ಟಾದ ಮೇಲೆ ಜನರ ನಡುವಿನ ಅಂತರ ಬಹಳ ಕುಗ್ಗಿತು, ಆದರೆ ಮಾಯವಾಗಲಿಲ್ಲ.

ನಿಜವಾದ ರುಚಿ ಸಿಕ್ಕಿದ್ದು ಹಾನಿಯಾದ ಡಿಎನ್‌ಎಯನ್ನು ಕೋಶ ತಾನೇ ರಿಪೇರಿ ಮಾಡಿಕೊಳ್ಳುವುದನ್ನು ನೋಡಲು ಹೊರಟಾಗ. ಕೋಶಗಳನ್ನು ಐಸಿನ ಮೇಲೆ ಐದು ನಿಮಿಷ ಡಿಎನ್‌ಎಗೆ ಪೆಟ್ಟು ಕೊಡುವ ಹೈಡ್ರೋಜನ್ ಪೆರಾಕ್ಸೈಡಿನಲ್ಲಿಟ್ಟು, ತೊಳೆದು, 37 ಡಿಗ್ರಿಯಲ್ಲಿ ಬಿಡುವುದು. ಐಸ್ ಯಾಕೆಂದರೆ ಪೆಟ್ಟು ಬೀಳುವಾಗಲೇ ಕೋಶ ರಿಪೇರಿ ಶುರು ಮಾಡಬಾರದು. ಆಮೇಲೆ 0, 15, 30, 60ನೇ ನಿಮಿಷಕ್ಕೆ ಒಂದಿಷ್ಟು ತೆಗೆದು ಸ್ಲೈಡಿಗೆ. ಕೆಲವರಲ್ಲಿ 15ನೇ ನಿಮಿಷಕ್ಕೇ ಬಾಲ ಅರ್ಧ ಒಳಗೆ ಸೇರಿರುತ್ತಿತ್ತು, ಕೆಲವರಲ್ಲಿ ಅಷ್ಟಾಗಲು ಅರ್ಧ ಗಂಟೆ. ಗಂಟೆ ಕಳೆಯುವಷ್ಟರಲ್ಲಿ ಹೆಚ್ಚಿನವರೆಲ್ಲ ಸರಿಸುಮಾರು ಒಂದೇ ಕಡೆ. ಮೊದಲು ನಾನು 60ನೇ ನಿಮಿಷ ಮಾತ್ರ ನೋಡುತ್ತಿದ್ದೆ. ಇಡೀ ಕಥೆ ನಡುವೆಯೇ ಮುಗಿದುಹೋಗುತ್ತಿತ್ತು.

ಇಲ್ಲೂ ಒಂದು ಗುಂಡಿಯಿದೆ. ಪೆರಾಕ್ಸೈಡಿನ ಪೆಟ್ಟನ್ನು ಕೋಶದ ಆಂಟಿಆಕ್ಸಿಡೆಂಟುಗಳು ತಡೆಯಬಲ್ಲವು. ಹಾಗೆ ಪೆಟ್ಟೇ ಕಡಿಮೆ ಬಿದ್ದವರು ಬೇಗ ವಾಸಿಯಾದಂತೆ ಕಾಣುತ್ತಾರೆ. ಅದಕ್ಕೆ ಪ್ರತಿಯೊಬ್ಬರ ಸೊನ್ನೆ ನಿಮಿಷದ ಬಾಲವನ್ನು ನೂರೆಂದು ಹಿಡಿದೇ ಮುಂದಿನದನ್ನು ಲೆಕ್ಕ ಹಾಕುತ್ತೇನೆ.

ಒಗ್ಗರಣೆಗೆ, ಡಿಎನ್‌ಎ ರಿಪೇರಿಗೆ ಬೇಕಾದ ಎಕ್ಸ್‌ಆರ್‌ಸಿಸಿ1, ಒಜಿಜಿ1 ಜೀನುಗಳ ಪಾಠಾಂತರಗಳನ್ನೂ ನೋಡು ಎಂದು ಹಲವರು ಒತ್ತಾಯಿಸಿದರು. ನೋಡಲಿಲ್ಲ. ಕೈಯಲ್ಲಿರುವ ಮೂವತ್ತು ಜನರಿಂದ ಜೀನಿನ ಮಾತಾಡುವುದು ಬೀದಿಯ ಗಿಣಿಶಾಸ್ತ್ರಕ್ಕಿಂತ ಮೇಲೇನಲ್ಲ. ಮೂರು ತಿಂಗಳ ನಂತರ ಅವರಲ್ಲಿ ಕೆಲವರನ್ನು ಮತ್ತೆ ಕರೆಸಿದಾಗ ಒಂದಿಬ್ಬರು ನಿಧಾನಿಗಳು ಚುರುಕಾಗಿಬಿಟ್ಟಿದ್ದರು.

ರಕ್ತ ಕೊಟ್ಟವರು ಮಾತ್ರ ಕಾರಿಡಾರಿನಲ್ಲಿ ಹಿಡಿದು ಕೇಳುತ್ತಾರೆ: "ಸಾರ್, ನನ್ನ ರಿಪೋರ್ಟು?" ಒಂದು ದಿನದ ನೂರು ಕೋಶಗಳಿಂದ ನಿಮ್ಮ ಜಾತಕ ಬರೆಯಲಾರೆ ಎನ್ನುತ್ತೇನೆ. ಸದ್ಯ ನನ್ನ ಚಿಂತೆ ಬೇರೆ. ಪ್ರತಿ ಓಟಕ್ಕೂ ಬೇಕಾದ ಆ ಹಳೆಯ ವಯಲ್ಲುಗಳಲ್ಲಿ ಒಂಬತ್ತೇ ಉಳಿದಿವೆ, ಅವಕ್ಕೆ ರಕ್ತ ಕೊಟ್ಟ ಆ ಒಬ್ಬರು ಊರು ಬಿಟ್ಟಿದ್ದಾರೆ.