ಕಲಬುರಗಿಯಿಂದ ಲೋಹ-ಸಾವಯವ ರಸಾಯನಶಾಸ್ತ್ರದ ಸಂಶೋಧನೆಗೆ ಹೊರಡುವವರಿಗೆ

ನಿರವಯವ ಮತ್ತು ಲೋಹ-ಸಾವಯವ (ಲೋಹವು ಕಾರ್ಬನ್‌ಗೆ ನೇರವಾಗಿ ಬಂಧಿಸಿರುವ ಸಂಯುಕ್ತಗಳ) ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡಬಯಸುವವರು ಸಾಮಾನ್ಯವಾಗಿ ಮೊದಲು ಎಂ.ಎಸ್ಸಿ. ಮುಗಿಸಬೇಕು, ಅದಕ್ಕೆ ಕಲಬುರಗಿಯಲ್ಲಿ 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯವೂ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಇವೆ. ಪಿಎಚ್.ಡಿ. ಫೆಲೋಶಿಪ್‌ಗೆ ಸಿಎಸ್‌ಐಆರ್ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆಯಿರಿ.

ಆದರೆ ಅಂಕಗಳಷ್ಟೇ ಕೈಪಳಗುವುದೂ ಮುಖ್ಯ. ಫೆರೋಸೀನ್‌ನಿಂದ ಆರಂಭಿಸಿ. 1951ರಲ್ಲಿ ವರದಿಯಾದ ಈ ಸಂಯುಕ್ತದಲ್ಲಿ ಐದು ಕಾರ್ಬನ್‌ಗಳ ಎರಡು ಉಂಗುರಗಳ ನಡುವೆ ಕಬ್ಬಿಣದ ಒಂದು ಪರಮಾಣು ಇರುತ್ತದೆ. ಇಂತಹ ಸಂಯುಕ್ತಗಳ ಅಧ್ಯಯನಕ್ಕೆ ಫಿಶರ್ ಮತ್ತು ವಿಲ್ಕಿನ್ಸನ್ ಅವರಿಗೆ 1973ರ ನೊಬೆಲ್ ಪ್ರಶಸ್ತಿ ಸಂದಿತು. ಫೆರೋಸೀನ್ ಗಾಳಿಯಲ್ಲಿ ಕೆಡದಿರುವುದರಿಂದ ಹೊಸಬರಿಗೆ ಅನುಕೂಲ. ಅದಕ್ಕೆ ಅಸಿಟೈಲ್ ಎಂಬ ಪುಟ್ಟ ಪರಮಾಣು ಗುಂಪನ್ನು ಸೇರಿಸಿ, ಮಿಶ್ರಣವನ್ನು ಸಿಲಿಕಾ ತುಂಬಿದ ಕಾಲಮ್‌ನಲ್ಲಿ (ಗಾಜಿನ ಕೊಳವೆಯಲ್ಲಿ) ಇಳಿಸಿದಾಗ, ಉಳಿದ ಫೆರೋಸೀನ್‌ನ ಹಳದಿ ಪಟ್ಟಿ ಮುಂದಾಗಿಯೂ ಅಸಿಟೈಲ್ ಫೆರೋಸೀನ್‌ನ ಕಿತ್ತಳೆ-ಕೆಂಪು ಪಟ್ಟಿ ಅದರ ಹಿಂದೆ ನಿಧಾನವಾಗಿಯೂ ಇಳಿಯುತ್ತವೆ. ಆ ಎರಡು ಬಣ್ಣಗಳು ಬೇರೆಯಾಗುವ ಗಳಿಗೆಯೇ ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿತು.

ನಮ್ಮ ಭಾಗದ ಬೇಸಿಗೆಯನ್ನು ಮರೆಯಬೇಡಿ. ಡೈಈಥೈಲ್ ಈಥರ್ ಎಂಬ, ಸುಲಭವಾಗಿ ಬೆಂಕಿ ಹತ್ತುವ ದ್ರಾವಕ ಸುಮಾರು 35 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ; ಮೇ ತಿಂಗಳಲ್ಲಿ ಕೋಣೆಯೇ ಅದಕ್ಕಿಂತ ಬಿಸಿಯಾಗಿರುವುದರಿಂದ, ಅದನ್ನು ಬಳಸುವ ಪ್ರಯೋಗಗಳನ್ನು ಬೆಳಗಿನ ತಂಪಿನಲ್ಲಿ, ಬೆಂಕಿಯಿಂದ ದೂರದಲ್ಲಿ, ಫ್ಯೂಮ್ ಹುಡ್‌ನಲ್ಲಿ (ಆವಿಯನ್ನು ಹೊರಗೆಳೆಯುವ ಗೂಡಿನಲ್ಲಿ) ಮಾಡಿ. ಗಾಳಿಯಲ್ಲಿ ಕೆಡುವ ಸಂಯುಕ್ತಗಳಿಗೆ ಗಾಳಿ, ತೇವ ತಾಗದಂತೆ ನೈಟ್ರೋಜನ್ ಅನಿಲದ ಅಡಿಯಲ್ಲಿ ಕೆಲಸ ಮಾಡುವುದನ್ನು ನಂತರ ಹಿರಿಯರ ಪಕ್ಕದಲ್ಲಿ ನಿಂತೇ ಕಲಿಯಿರಿ.

ಲೋಹಗಳ ರಸಾಯನಶಾಸ್ತ್ರವನ್ನು ಕಣ್ಣಾರೆ ಕಾಣಲು, ಬೀದರಿನವರಾದರೆ ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕುಶಲಕರ್ಮಿಗಳ ಕೆಲಸವನ್ನೂ ನೋಡಿ: ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ಲೇಪಕ್ಕೆ ಸತು-ತಾಮ್ರದ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಉಳಿಯುತ್ತದೆ.

ಮಾರ್ಗದರ್ಶಕರನ್ನು ಆರಿಸುವ ಮುನ್ನ ಅವರ ಇತ್ತೀಚಿನ ಪ್ರಬಂಧಗಳನ್ನು ಓದಿ, ಅಣುಗಳ ರಚನೆ ತಿಳಿಸುವ ಎನ್‌ಎಂಆರ್ ಮತ್ತು ಏಕಸ್ಫಟಿಕ ಎಕ್ಸ್-ರೇ ಉಪಕರಣಗಳ ಸೌಲಭ್ಯ ಎಲ್ಲಿ ಸಿಗುತ್ತದೆಂದು ಅವರ ವಿದ್ಯಾರ್ಥಿಗಳನ್ನೇ ಕೇಳಿ.